ಎರಡನೆಯ ಬ್ರೇಕು

ಮಾರ್ಚ್ 4, ಸಂಜೆ

ಇವತ್ತಿನ ಹೊಸ ಶಿಷ್ಯ ಬ್ಯಾಂಕ್ ಮ್ಯಾನೇಜರ್. ಇಂಡಿಕೇಟರ್ ಹಾಕಿ ಅಂದರೆ ವೈಪರ್ ಹಾಕಿದ. ಎದುರಿಗೇ ಹಾಲಿನ ವ್ಯಾನು! ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವಳ ಕಡೆಗೂ ಒಂದು ಬ್ರೇಕು ಇಟ್ಟವನಿಗೆ ಪುಣ್ಯ ಬರಲಿ.

ಮನೆಗೆ ಬಂದರೆ ಮಗಳು ತನ್ನ ಗಿಟಾರನ್ನು ನನ್ನ ತಂಗಿಯ ಮಗಳಿಗೆ ಕೊಟ್ಟುಬಿಟ್ಟಿದ್ದಾಳೆ. ಹದಿನಾರರ ಹುಡುಗಿ, ಅದನ್ನು ಯಾರಿಗೂ ಮುಟ್ಟಲೂ ಬಿಟ್ಟವಳಲ್ಲ. "ನಂಗ್ಯಾಕಮ್ಮ ಇನ್ನು?" ಅಂದಳು. ಪರವಾಗಿಲ್ಲ, ಕೊಡುವ ಬುದ್ಧಿ ಬಂತು ಎಂದು ಬೀಗಿದೆ.

ಮಾರ್ಚ್ 6

ಮಗಳ ಶಾಲೆಯ ಕೌನ್ಸೆಲರ್ ಕರೆಸಿದ್ದರು. ಗೆಳತಿಯರನ್ನು ಬಿಟ್ಟು ಒಬ್ಬಳೇ ಕೂರುತ್ತಾಳಂತೆ. ನಿದ್ದೆ ಇಲ್ಲವಂತೆ. ಇಷ್ಟದ ವಸ್ತು ಯಾರಿಗಾದರೂ ಕೊಟ್ಟಳಾ ಎಂದು ಕೇಳಿದರು. ಗಿಟಾರ್... ಅದಕ್ಕೇ ಅಲ್ಲವೇ ನಾನು ಬೀಗಿದ್ದು!

"ನನ್ನ ಹತ್ರ ಬಾಯಿ ಬಿಡ್ತಿಲ್ಲ. ಸಾಯೋ ಯೋಚನೆ ಬರುತ್ತಾ ಅಂತ ನೀವೇ ನೇರವಾಗಿ ಕೇಳಿ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಬೈಯದೆ ಕೇಳಿಸ್ಕೊಳ್ಳೋರು ಒಬ್ರು ಮನೇಲಿದ್ರೆ ಅದೇ ದೊಡ್ಡ ಆಸರೆ."

ಬೈಯದೆ! ನನ್ನಂಥ ಬಾಯಿಬಡುಕಿಗೆ ಹೇಳುತ್ತಾರೆ. ಡಾಕ್ಟರ ಅಪಾಯಿಂಟ್‌ಮೆಂಟ್ ಸೋಮವಾರಕ್ಕೆ. ಗಂಡ ಮಾತ್ರ, "ಇಲ್ಲದ್ದನ್ನ ಅವಳ ತಲೆಗೆ ತುಂಬಬೇಡ ಕಣೇ" ಎಂದು ಟಿವಿ ಜೋರು ಮಾಡಿದರು.

ಮಾರ್ಚ್ 7

ಕೇಳಲಾಗಲಿಲ್ಲ. ಬಾಯಿ ತೆರೆದರೆ "ಊಟ ಮಾಡು" ಎಂದೇ ಬರುತ್ತದೆ. ಊಟದ ಮೇಜಿನ ಕೆಳಗೆ ನನ್ನ ಬಲಗಾಲು ನೆಲ ಒತ್ತುತ್ತಿತ್ತು. ಅವಳು ಬಗ್ಗಿ ನೋಡಿದಳು.

"ಅಮ್ಮ, ಇಲ್ಲಿ ಬ್ರೇಕ್ ಇಲ್ಲ."

ಊರವರಿಗೆಲ್ಲ ಧೈರ್ಯ ಹೇಳುವವಳು ನಾನು. ಥೂ.

ಮಾರ್ಚ್ 9, ಭಾನುವಾರ

ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಮಗಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಸ್ಟಿಯರಿಂಗ್ ನನ್ನದು, ಕಲಿಸುವವರ ಸೀಟು ಅವಳದು. ಮುಖ ನೋಡಬೇಕಾಗಿಲ್ಲ, ಇಬ್ಬರಿಗೂ ಎದುರಿನ ಗಾಜು. ಕೇಳಿಬಿಟ್ಟೆ. ಆ ಪದ ಹೇಳಿಯೇ ಕೇಳಿದೆ.

ಗಾಜನ್ನೇ ನೋಡುತ್ತ ಅಂದಳು — "ಹೂಂ. ದಿನಾ." ಆಮೇಲೆ, "ನೀನು ಕೇಳಲ್ಲ ಅಂದ್ಕೊಂಡಿದ್ದೆ."

ಬೈಯಲಿಲ್ಲ. ಅಪ್ಪಿಕೊಳ್ಳಲು ಹೋದರೆ ಗೇರು ಅಡ್ಡ. "ನಾನಿದ್ದೀನಿ ಕಣೇ. ಸೋಮವಾರದ ತನಕ ಬೇಡ, ಈಗ್ಲೇ ಹೋಗೋಣ ಆಸ್ಪತ್ರೆಗೆ" ಎಂದು ಗಾಡಿ ತೆಗೆದೆ. ಗಕ್ಕನೆ ನಿಂತಿತು. ಅವಳ ಕಾಲು ಬ್ರೇಕಿನ ಮೇಲಿತ್ತು.

"ಕಣ್ಣೊರೆಸ್ಕೊಂಡು ಓಡ್ಸಮ್ಮ. ಎದುರಿಗೆ ಕಂಬ ಇದೆ, ಕಾಣಲ್ವಾ?"

ಅದೇ ದಿನ, ಆಸ್ಪತ್ರೆ

ಮಗಳು ಒಳಗೆ, ಡಾಕ್ಟರ ಜೊತೆ. ನಾನು ಹೊರಗಿನ ಬೆಂಚಿನಲ್ಲಿ. ಯಾವಾಗ ಸರಿಹೋಗುತ್ತಾಳೋ, ಎಷ್ಟು ದಿನ ಬೇಕೋ, ಯಾರೂ ಹೇಳುತ್ತಿಲ್ಲ. ಭಯವಾಗುತ್ತಿದೆ. ಕಾಲು ಮತ್ತೆ ನೆಲ ಒತ್ತುತ್ತಿದೆ. ತಂಗಿಗೆ ಫೋನ್ ಮಾಡಿ ಗಿಟಾರ್ ವಾಪಸ್ ಕೇಳಲೇ? ಬೇಡ, ಮಗಳೇ ಕೇಳಲಿ...

ಬಾಗಿಲು ತೆರೆಯಿತು. "ಅಮ್ಮ, ನೀನೂ ಒಳಗೆ ಬಾ" —