ಅರ್ಧ ಕೋಣೆಯ ಸಂಸಾರ

ಮಂಗಳವಾರ, ಮಧ್ಯಾಹ್ನ
(ಮಗು ಮಲಗಿದೆ, ಎಷ್ಟು ಹೊತ್ತೋ ದೇವರಿಗೇ ಗೊತ್ತು)

ನನ್ನ ಮುದ್ದಿನ, ನನ್ನ ಮೇಲೆ ಸಿಟ್ಟಾಗಿರುವ ಅಮ್ಮಾ,

ಈ ಕಾಲದಲ್ಲಿ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನ್ ಮಾಡೋಣವೆಂದರೆ ನಮ್ಮನೆ ಫೋನ್ ಯಾವತ್ತೂ ಖಾಲಿ ಇರುವುದಿಲ್ಲ ಎಂದು ನೀನೇ ಊರಿಗೆಲ್ಲ ಸಾರಿದ್ದೀಯಲ್ಲ. ಅಲ್ಲದೆ ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಹತ್ತು ಆಡುತ್ತೀಯ. ಕಾಗದದಲ್ಲಿ ನಡುವೆ ಬಾಯಿ ಹಾಕುವ ಹಾಗಿಲ್ಲ. ಮೊದಲು ಕೂತುಕೋ, ಕನ್ನಡಕ ಹಾಕಿಕೋ, ಆಮೇಲೆ ಓದು.

ವೀಸಾ ಸಿಕ್ಕಿತು ಅಮ್ಮ.

ಹೂಂ, ಸಿಕ್ಕಿತು. ನನಗೂ ಮಗುವಿಗೂ. ಇನ್ನೊಂದು ಸಲ ಓದಿಕೋ, ಪರವಾಗಿಲ್ಲ; ನಾನೂ ಬೆಳಗಿನಿಂದ ಅದನ್ನೇ ಮಾಡುತ್ತಿದ್ದೇನೆ. ಹೋಗಿ ಮುಖ ನೋಡಿಕೊಂಡು ಬರುವ ವೀಸಾ ಅಲ್ಲ, ಗಂಡನ ಜೊತೆ ಅಲ್ಲೇ ನೆಲೆಸುವ ವೀಸಾ.

ಅರ್ಜಿ ಒಂದು ಸಲ ವಾಪಸು ಬಂದಿತ್ತಲ್ಲ, ಆ ಆಸೆ ಬಿಟ್ಟೆ ಅಂದಿದ್ದೆಯಲ್ಲ ಎನ್ನುತ್ತೀಯ. ಬಿಟ್ಟಿರಲಿಲ್ಲ. ನೀನು ಅಣ್ಣನ ಮನೆಗೆ ಹೊರಟ ವಾರವೇ ಇನ್ನೊಂದು ಹಾಕಿದೆ. ಹೋದ ತಿಂಗಳು ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗುತ್ತಿದ್ದೇನೆ ಎಂದೆನಲ್ಲ, ಅದು ಚುಚ್ಚುಮದ್ದಲ್ಲ, ಸಂದರ್ಶನ. ಹೇಳಿದ್ದರೆ ನೀನು ಅಣ್ಣನ ಊರಿನ ಶಾಲೆಯಲ್ಲಿ ನನಗಾಗಿ ನೋಡಿಟ್ಟ ಕೆಲಸದ ಮಾತು ತೆಗೆಯುತ್ತಿದ್ದೆ, ನಿನ್ ಗಂಡ ಇರೋದು ಗೂಡಲ್ಲಿಟ್ಟ ಫೋನಲ್ಲಿ ಕಣೇ, ಮನೇಲಲ್ಲ ಎನ್ನುತ್ತಿದ್ದೆ, ನಾನು ಅಳುತ್ತಿದ್ದೆ, ನನ್ನ ಹಿಂದೆಯೇ ಸೈರನ್ ಶುರುವಾಗುತ್ತಿತ್ತು. (ಮಗುವಿಗೆ ನೀನಿಟ್ಟ ಅಡ್ಡಹೆಸರೇ ಗಟ್ಟಿಯಾಯಿತು. ಕೆಳಗಿನ ಮನೆ ಮಾಲೀಕರೂ ಈಗ ಸೈರನ್ ಎದ್ಲಾ ಎಂದೇ ವಿಚಾರಿಸುವುದು.)

ಮೊದಲ ಸಲ ಯಾಕೆ ಬೇಡವೆಂದರು ಎಂಬುದನ್ನು ನಿನಗೆ ಸರಿಯಾಗಿ ಹೇಳಿರಲಿಲ್ಲ. ನಾಚಿಕೆಯಾಗಿತ್ತು. ದೂರವಿದ್ದರೂ ನಿಮ್ಮ ಸಂಬಂಧ ನಿಜವೆಂದು ತೋರಿಸಿ, ಒಬ್ಬರಿಗೊಬ್ಬರು ಕಳಿಸಿದ ಸಂದೇಶಗಳನ್ನು ಕೊಡಿ ಎಂದಿದ್ದರು. ಡಿಗ್ರಿ ಮಾಡಿದವಳು ನಾನು, ನಿದ್ದೆಗೆಟ್ಟು ಬುದ್ಧಿ ಎಲ್ಲಿಟ್ಟಿದ್ದೆನೋ, ಇದ್ದದ್ದನ್ನು ಇದ್ದ ಹಾಗೇ ಪ್ರಿಂಟ್ ಮಾಡಿಸಿ ಕೊಟ್ಟೆ. ನಮ್ಮ ಸಂದೇಶಗಳೋ! ಚಾರ್ಜ್ ಮುಗೀತಿದೆ. ಚಾರ್ಜಿಗೆ ಹಾಕು. ಹಾಕಿದೆ. ಫೋನ್ ಬಿತ್ತು, ಎತ್ತಿಡು. ಪುಟಗಟ್ಟಲೆ ಇದೇ. ಓದಿದವರು ಇವರು ಗಂಡ ಹೆಂಡತಿಯಲ್ಲ, ಬ್ಯಾಟರಿ ಅಂಗಡಿಯ ಪಾಲುದಾರರು ಎಂದುಕೊಂಡಿರಬೇಕು.

ಬೇರೆ ಏನು ಬರೆಯುವುದು ಹೇಳು? ನೀನೇ ಕಂಡಿದ್ದೀಯ. ಇವರು ಹೋದ ಮೇಲೆ ಬಾಡಿಗೆಗೆ ಹಿಡಿದ ಈ ಮನೆಯಲ್ಲಿ, ಎದ್ದ ಕೂಡಲೆ ನಾನು ವಿಡಿಯೋ ಕರೆ ಹಚ್ಚಿ ಫೋನನ್ನು ಅಡುಗೆಮನೆಯ ಗೂಡಿನಲ್ಲಿ ಸಕ್ಕರೆ ಡಬ್ಬಿಗೆ ಒರಗಿಸುತ್ತೇನೆ. ಅಲ್ಲಿ ಇವರು ತಮ್ಮ ಒಂಟಿ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮೇಜಿನ ಮೇಲೆ ದಾರದ ಪೆಟ್ಟಿಗೆಗೆ ಒರಗಿಸುತ್ತಾರೆ. ಆಮೇಲೆ ಅವರು ಅಂಗಡಿಯಿಂದ ತಂದ ಪ್ಯಾಂಟು ಕೋಟುಗಳನ್ನು ಬಿಚ್ಚಿ ಹೊಲಿಯುತ್ತಾರೆ, ನಾನು ತರಕಾರಿ ಹೆಚ್ಚುತ್ತೇನೆ. ಹೇಳುವುದೇನಾದರೂ ಇದ್ದರೆ ತಲೆಯೆತ್ತಿ ಹೇಳುವುದು. ಇಲ್ಲದಿದ್ದರೆ ಇಲ್ಲ. ನಿನಗೆ ಅದು ಹುಚ್ಚಾಟ, ನನಗೆ ಅದೇ ಮನೆ. ಮದುವೆಯಾಗಿ ಎರಡೇ ತಿಂಗಳು ಇದ್ದು ಹೋದವರು ತಮ್ಮ ಮಗುವನ್ನು ಇನ್ನೂ ಎತ್ತಿಕೊಂಡಿಲ್ಲ, ನಿಜ. ಆದರೆ ಆ ಮಿಷನ್ನಿನ ಸದ್ದಿಲ್ಲದೆ ಮಗು ಕಣ್ಣು ಮುಚ್ಚುವುದಿಲ್ಲ ಎನ್ನುವುದೂ ನಿಜ ತಾನೇ?

ಹೊರಡುವ ದಿನ ನೀನು ಗೂಡಿನ ಮುಂದೆ ಆಚೆಯಿಂದ ಈಚೆಗೆ ಓಡಾಡುತ್ತಾ, ನನ್ ಮಗಳ ಬಾಳು ಅಂದ್ರೆ ನಿನ್ ಮಿಷನ್ ಸದ್ದೇನಪ್ಪಾ ಎಂದು ಅಳಿಯನ ನೀರಿಳಿಸಿದೆ. ಅವರು ಕಣ್ಣು ಕೀಳದೆ ನಿನ್ನನ್ನೇ ನೋಡುತ್ತಿದ್ದರು. ನೋಡೇ, ಹೇಗೆ ಗುರಾಯಿಸ್ತಾನೆ ಎನ್ನುತ್ತಲೇ ನೀನು ಬಸ್ಸು ಹತ್ತಿದೆ. ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಇರಲಿ, ಸಂದರ್ಶನಕ್ಕೆ ಬರುತ್ತೇನೆ. ಗೇಟಿನಲ್ಲೇ ಫೋನ್ ಇಸಿದುಕೊಂಡರು. ಮಗು ಅತ್ತರೆ ಮಿಷನ್ನಿನ ಸದ್ದು ಎಲ್ಲಿಂದ ತರಲಿ? ಈ ಸಲವೂ ಬೇಡವೆಂದರೆ ಇನ್ನೊಂದು ಅರ್ಜಿಗೆ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ನಿನ್ನ ಶಾಲೆಯ ಕೆಲಸವೇ ಗತಿ ಎಂದು ಒಳಗೊಳಗೇ ಒಪ್ಪಿಕೊಂಡಿದ್ದೆ. ಉತ್ತರಗಳನ್ನೆಲ್ಲ ಪರೀಕ್ಷೆಗೆ ಓದುವ ಹಾಗೆ ಉರು ಹೊಡೆದಿದ್ದೆ. ಗಾಜಿನ ಆಚೆ ಕೂತಿದ್ದ ಅಧಿಕಾರಿ ಹೆಂಗಸಿಗೆ ಹೆಚ್ಚೂ ಕಡಿಮೆ ನಿನ್ನ ವಯಸ್ಸು, ನಿನ್ನ ಹಾಗೇ ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ಮದುವೆ ಯಾವಾಗ ಎಂದು ಕೇಳಿದರು, ಅಷ್ಟೇ. ಸೈರನ್ ಹೊಡೆಯಿತು.

ಹಾಲು ಬೇಡ, ಗಿಲಕಿ ಬೇಡ, ನನ್ನ ಬಳೆಯೂ ಬೇಡ. ಹಿಂದೆ ಕೂತವರೆಲ್ಲ ಕತ್ತು ಚಾಚಿದರು. ನನಗೆ ಬೇರೆ ದಾರಿ ತೋಚದೆ ಮಗುವನ್ನು ಭುಜಕ್ಕೆ ಹಾಕಿಕೊಂಡು, ಅದರ ಕಿವಿಯ ಹತ್ತಿರ ಬಾಯಲ್ಲೇ ಮಿಷನ್ ಓಡಿಸಿದೆ. ಟರ್ರ್ ಟರ್ರ್ ಟಕ್. ಟರ್ರ್ ಟಕ್ ಟಕ್. ಬಟ್ಟೆಯ ಮೂಲೆ ತಿರುಗಿಸುವಾಗ ಇವರು ತುಸು ತಡೆಯುತ್ತಾರೆ, ನಾನೂ ತಡೆದೆ. ಒಂದು ಕಾಲರ್ ಹೊಲಿಯುವಷ್ಟು ಹೊತ್ತಿಗೆ ನಿದ್ದೆ!

ಅದೇನಮ್ಮಾ ಸದ್ದು ಎಂದರು ಆ ಮೇಡಂ. ಉರು ಹೊಡೆದದ್ದೆಲ್ಲ ಹಾರಿಹೋಗಿತ್ತು. ಇವಳಪ್ಪ ಮೇಡಂ ಅಂದುಬಿಟ್ಟೆ.

ಅವರು ಪೆನ್ನು ಕೆಳಗಿಟ್ಟರು. ಹಾಗಾದ್ರೆ ಅವಳಪ್ಪ ಇರೋ ಕೋಣೆ ಹೇಗಿದೆ ಹೇಳಿ ನೋಡೋಣ ಎಂದರು.

ಹೇಳಿದೆ ಅಮ್ಮ. ಮಿಷನ್ನಿನ ಪಕ್ಕಕ್ಕೆ ಕಿಟಕಿ. ಒಡೆದ ಗಾಜಿನ ಸಂದಿಗೆ ಕೋಟಿನ ಒಳಪದರದ ಅಸ್ತರ್ ತುಂಡು ತುರುಕಿದ್ದಾರೆ. ಕಿಟಕಿಯಾಚೆ ಇಟ್ಟಿಗೆ ಗೋಡೆ, ಅದರ ಮೇಲೆ ದಿನಕ್ಕೊಮ್ಮೆ ಒಂದು ಪಟ್ಟಿ ಬಿಸಿಲು ಬಂದು ಹೋಗುತ್ತದೆ. ಹಿಂದೆ ಮಂಚ. ಮೇಲಿನ ಮನೆಯವನು ನಡೆದರೆ ದೀಪ ಅಲ್ಲಾಡುತ್ತದೆ. ಒದ್ದೆ ಟವೆಲನ್ನು ಕುರ್ಚಿಯ ಬೆನ್ನಿಗೇ ಹಾಕುತ್ತಾರೆ, ಎಷ್ಟು ಬಡಿದುಕೊಂಡರೂ ಕೇಳುವುದಿಲ್ಲ. ಹೇಳುತ್ತಾ ಹೇಳುತ್ತಾ ನನಗೆ ಸಿಟ್ಟೇ ಬಂತು.

ಬಾಗಿಲು ಯಾವ ಬಣ್ಣ ಎಂದರು.

ಗೊತ್ತಿರಲಿಲ್ಲ. ಒಲೆ ಎಲ್ಲಿದೆ? ಗೊತ್ತಿಲ್ಲ. ಬೀರು? ಅದೂ ಇಲ್ಲ. ನೀಲಿ ಅಂದುಬಿಡಲೇ? ಯಾರು ಹೋಗಿ ನೋಡುತ್ತಾರೆ? ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಹೊತ್ತು ಕಂಡದ್ದನ್ನೇ ಹೇಳಿದ ಬಾಯಿಗೆ ಕಾಣದ್ದನ್ನು ಹೇಳಲು ಬರಲಿಲ್ಲ.

ನೀವು ಅರ್ಧ ಕೋಣೆ ಮಾತ್ರ ಹೇಳಿದ್ರಿ ಎಂದರು. ನಾನು ಸಂಸಾರ ಮಾಡಿರೋದೇ ಆ ಅರ್ಧದಲ್ಲಿ ಮೇಡಂ, ಫೋನಿನ ಹಿಂದೆ ಇರೋದು ನಂಗೆ ಕಾಣಲ್ಲ ಎಂದೆ.

ಅವರು ನನ್ನ ಕಡತದಿಂದ ಒಂದು ಹಾಳೆ ತೆಗೆದು ಓದಿದರು. ಮುಖದಲ್ಲಿ ನಗು. ಹಿಂದಿನ ದಿನವೇ ಇವರಿಗೆ ಫೋನ್ ಮಾಡಿ ನಮ್ಮ ಮನೆಯ ಬಗ್ಗೆ ಕೇಳಿದ್ದರಂತೆ, ನನಗೆ ಹೇಳಕೂಡದೆಂದು ತಾಕೀತೂ ಮಾಡಿದ್ದರಂತೆ. ತೊಟ್ಟಿಕ್ಕುವ ನಲ್ಲಿ, ಹಿಡಿ ಮುರಿದ ಬಾಣಲೆ, ನೀನು ತೂಗುಹಾಕಿದ ಪರದೆಯ ತೂತು, ಎಲ್ಲ ಹೇಳಿದರಂತೆ. ಒಲೆ ಎಲ್ಲಿ ಅಂದರೆ, ನೋಡಿಲ್ಲ ಮೇಡಂ, ಒಗ್ಗರಣೆ ಸದ್ದು ಮಾತ್ರ ಬಲಗಡೆಯಿಂದ ಬರುತ್ತೆ ಎಂದರಂತೆ! ಉರು ಹೊಡ್ಕೊಂಡು ಬಂದವರಿಗೆ ಬಾಗಿಲ ಬಣ್ಣ ಮೊದಲು ಗೊತ್ತಿರುತ್ತಮ್ಮಾ, ಗೊತ್ತಿಲ್ಲದ್ದನ್ನ ಇಬ್ಬರೂ ಇಷ್ಟು ಸರಿಯಾಗಿ ಹೇಳಿದ್ದು ನಾನು ನೋಡೇ ಇರಲಿಲ್ಲ ಎಂದರು ಆ ತಾಯಿ. ಮಗು ಎದ್ದೀತು, ನಿಧಾನ ಹೋಗಿ ಎಂದೂ ಸೇರಿಸಿದರು.

ಇವತ್ತು ಬೆಳಗ್ಗೆ ಪಾಸ್‌ಪೋರ್ಟುಗಳು ಬಂದವು. ಅಂಚೆಯವನ ಎದುರೇ ಲಕೋಟೆ ಹರಿದೆ, ಮೆಟ್ಟಿಲ ಮೇಲೇ ಕೂಗಿದೆ, ಓಡಿಬಂದು ಗೂಡಿನ ಮುಂದೆ ಹಿಡಿದೆ. ಅಲ್ಲಿ ಮಿಷನ್ ನಿಂತಿತು. ಆ ಸದ್ದು ನಿಂತದ್ದೇ ತಡ, ಮಗು ಎದ್ದು ಕೂತಿತು. ಇವರು ಅರ್ಧ ಹೊಲಿದ ಪ್ಯಾಂಟಿನಲ್ಲೇ ಮುಖ ಒರೆಸಿಕೊಂಡರು. ಯಾರ ಪ್ಯಾಂಟೋ ಪಾಪ.

ಶಾಲೆಯವರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಹೇಳು. ಈ ವಾರವೇ ಹೊರಟು ಬಾ. ಬೈಯುವುದು ಬಾಕಿಯಿದ್ದರೆ ಬಂದು ಬೈ. ಸೂಟ್‌ಕೇಸ್ ತುಂಬುತ್ತಾ ಕೇಳಿಸಿಕೊಳ್ಳುತ್ತೇನೆ.

ನಿನ್ನ ಮಾತು ಕೇಳದ, ನಿನ್ನದೇ ಹಠ ಹೊತ್ತ
ಮಗಳು

ಮರೆತಿದ್ದೆ: ಬಾಗಿಲು ಹಸಿರು. ಮುಖ ಒರೆಸಿಕೊಂಡ ಮೇಲೆ ಇವರು ಮೊದಲ ಸಲ ಫೋನನ್ನು ಹಿಂದಕ್ಕೆ ತಿರುಗಿಸಿದರು. ಬಾಗಿಲ ಪಕ್ಕ ಗೋಡೆಯುದ್ದಕ್ಕೂ ಒಂದು ತಂತಿ, ತಂತಿಯ ತುಂಬ ಪುಟ್ಟ ಅಂಗಿಗಳು, ಅಂಗೈಯಗಲದಿಂದ ಶುರುವಾಗಿ ಒಂದಕ್ಕಿಂತ ಒಂದು ದೊಡ್ಡವು. ಮಗು ಬೆಳೆದ ಹಾಗೆಲ್ಲ ಹೊಲಿದದ್ದು. ಕಳಿಸಿದ್ರೆ ನೀವು ಬರಲ್ಲ ಅಂತ ಒಪ್ಕೊಂಡ ಹಾಗಾಗ್ತಿತ್ತು ಎಂದರು. ತಂತಿಯ ಕೊನೆಗೆ ಒಂದು ದೊಡ್ಡ ಉಣ್ಣೆಯ ಕೋಟು. ನನ್ನದಲ್ಲ, ಅಗಲ ನೋಡಿದರೇ ಗೊತ್ತಾಯಿತು. ಆವತ್ತು ಅವರು ಗುರಾಯಿಸುತ್ತಿರಲಿಲ್ಲ ಅಮ್ಮ, ಅಳತೆ ತೆಗೆಯುತ್ತಿದ್ದರು. ಅಲ್ಲಿ ಚಳಿ ಜಾಸ್ತಿಯಂತೆ, ಅತ್ತೆ ಬಂದಾಗ ಬೇಕಾಗುತ್ತಂತೆ. ತೋಳಿನುದ್ದ ಒಂದೇ ಸಂಶಯ. ನೀನು ಕೈ ಬೀಸುತ್ತಲೇ ಇದ್ದೆಯಲ್ಲ. ಇಲ್ಲಿಗೆ ಬಂದಾಗ ಗೂಡಿನ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲಬೇಕಂತೆ.