ಸಾಂಬ್ರಾಣಿ ಹೊಗೆ

ಕ್ಯಾರಲ್ಟನ್
ಫೆಬ್ರುವರಿ ೧೨, ೨೦೨೫

ಪ್ರೀತಿಯ ನಿವೇದಿತಾ,

ಹೇಗಿದ್ದೀಯ ಮಗಳೇ? ಸಿಯಾ ಸರಿಯಾಗಿ ಹಾಲು ಕುಡಿಯುತ್ತಿದ್ದಾಳಾ, ತೂಕ ಏರಿದೆಯಾ? ತಿಂಗಳಿಂದ ನನ್ನ ಫೋನ್ ಎತ್ತುತ್ತಿಲ್ಲ ನೀನು. ನಿನ್ನದು ಥೇಟ್ ನಿನ್ನ ಅಪ್ಪನ ಸಿಟ್ಟು, ಬಂದರೆ ಹೋಗುವುದಿಲ್ಲ. ನಿನ್ನ ತಮ್ಮ ದುಷ್ಯಂತ್ ಇವತ್ತು ಹೂಸ್ಟನ್‌ಗೆ ಡ್ರೈವ್ ಮಾಡುತ್ತಿದ್ದಾನೆ, ಅವನ ಕೈಯಲ್ಲಿ ಈ ಪತ್ರವನ್ನೂ ಅಂಟಿನ ಉಂಡೆಯನ್ನೂ ಕಳಿಸುತ್ತಿದ್ದೇನೆ.

ನಿನ್ನ ಬಾಣಂತನ ಮಾಡಿದ ಸೀತಾಬಾಯಿ ಆಸ್ಪತ್ರೆ ಸೇರಿದ್ದಾಳೆ. ಟಿ.ಬಿ. ಅಂತೆ, ಉಳಿಯುವುದು ಕಷ್ಟವಂತೆ. ಬಟ್ಟೆ ತರಲು ಮೊದಲ ಸಲ ಅವಳ ಮನೆಗೆ ಹೋದೆ. ನಮ್ಮಿಂದ ಎರಡೇ ಮೈಲಿ. ಎರಡು ರೂಮು, ಎಂಟು ಜನ, ಚಳಿಗೆ ಕಿಟಕಿ ಸಂದಿಗೆಲ್ಲ ಟೇಪು. ಅವರಲ್ಲಿ ಇನ್ನೂ ಮೂವರಿಗೆ ಅಂಟಿದೆ. ನಮ್ಮ ಬೀದಿಯಲ್ಲಿ ನಾಲ್ಕು ಬೆಡ್‌ರೂಮಿಗೆ ಇಬ್ಬರು ಮನುಷ್ಯರು, ಯಾರೂ ಕೆಮ್ಮುವುದಿಲ್ಲ. ಇನ್ಶೂರೆನ್ಸ್ ಇಲ್ಲದ ಹೆಂಗಸು ಅಂಗಡಿಯ ಕೆಮ್ಮಿನ ಸಿರಪ್ ಕುಡಿದುಕೊಂಡೇ ಐದು ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು.

ನಾವು ಜಗಳವಾಡಿದ್ದೂ ಇದಕ್ಕೇ ಅಲ್ಲವೇ? ಅವಳಿಗೆ ಜ್ವರ ಬಂದಾಗ ಸಂಬಳ ಕೊಟ್ಟು ರಜೆ ಕೊಡು ಎಂದೆ ನೀನು. ಬಾರದ ದಿನಕ್ಕೆ ಯಾರು ಕೊಡುತ್ತಾರೆ ಎಂದೆ ನಾನು. ಅವಳು ಬಾಗಿಲಲ್ಲೇ ನಿಂತು, "ನಾ ಬರ್ತೀನ್ರಿ ಅಕ್ಕಾರ, ಮನ್ಯಾಗ ಕುಂತ್ರ ಬಾಡಿಗಿ ಯಾರ ಕೊಡ್ತಾರ" ಎಂದಳು. ನಾನು ಗೆದ್ದವಳಂತೆ ನಿನ್ನ ಮುಖ ನೋಡಿದೆ. ಮರುದಿನವೇ ಮಗು ಎತ್ತಿಕೊಂಡು ಹೊರಟುಬಿಟ್ಟೆ ನೀನು. ನನಗೆ ಈಗ ನಾಚಿಕೆಯಾಗುತ್ತದೆ.

ಕೌಂಟಿ ಆರೋಗ್ಯ ಇಲಾಖೆಯ ನರ್ಸ್ ಬಂದಿದ್ದಳು. ಕೆಮ್ಮು ಯಾವಾಗ ಶುರುವಾಯಿತು, ಆಗ ಮನೆಯಲ್ಲಿ ಯಾರಿದ್ದರು ಎಂದು ಕೇಳಿದಳು. ನೀವು ಹೋದ ಮೇಲೆ ಎಂದು ಹೇಳಿದ್ದೇನೆ. ಹಾಗಾಗಿ ಟೆಸ್ಟ್ ಮಾಡಿಸಬೇಕಾದವರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ. ನನ್ನ ಟೆಸ್ಟ್ ಪಾಸಿಟಿವ್ ಬಂದಿದೆ, ಮಾತ್ರೆ ಕೊಟ್ಟಿದ್ದಾರೆ, ನೀನು ಹೆದರಬೇಡ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಸಿಯಾಳ ಹಣೆಗೊಂದು ಮುತ್ತು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಇಂದುಮತಿ

ತಾ.ಕ.: ದುಷ್ಯಂತ್ ಕಾರು ಸ್ಟಾರ್ಟ್ ಮಾಡಿದ್ದಾನೆ. ನರ್ಸಿಗೆ ಹೇಳಿದ್ದು ಸುಳ್ಳು, ನಿನ್ನ ಅತ್ತೆಮನೆಯವರು ಏನನ್ನುತ್ತಾರೋ ಎಂದು ಹೆದರಿ ಹೇಳಿದ್ದು. ಬಾಣಂತನದ ಎರಡನೇ ವಾರದಿಂದಲೇ ಸೀತಾಬಾಯಿ ಕೆಮ್ಮುತ್ತಿದ್ದಳು, ಬಚ್ಚಲಲ್ಲಿ ಕಾಲು ಚಾಚಿ ಸಿಯಾಳನ್ನು ಮಲಗಿಸಿಕೊಂಡು, ಬಗ್ಗಿ ಎಣ್ಣೆ ತಿಕ್ಕುವಾಗ. ಬಿಡಿಸಿದರೆ ಇನ್ನೊಬ್ಬಳು ಸಿಗುವುದಿಲ್ಲ ಎಂದು ಸುಮ್ಮನಿದ್ದೆ. ಯಾರಮ್ಮ ಕೆಮ್ಮೋದು ಎಂದು ನೀನು ಮಲಗಿದಲ್ಲಿಂದಲೇ ಕೇಳಿದಾಗಲೆಲ್ಲ ಸಾಂಬ್ರಾಣಿ ಹೊಗೆ ಎಂದೆ. ಸಾಂಬ್ರಾಣಿ ಹಾಕುವುದು ಸ್ನಾನ ಆದಮೇಲೆ. ನಿನಗೆ ಅದು ಗೊತ್ತಿರಲಿಲ್ಲ. ಸಿಯಾಳನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಒಂದು ತಿಂಗಳು, ದಿನವೂ, ಆ ಕೆಮ್ಮಿನ ಕೆಳಗೇ ಇದ್ದಳು ಎಂದು ಹೇಳು.