ಬೀಗದ ಹಿಂದೆ ಕರಗುತ್ತಿರುವ ಎಣ್ಣೆ

ಪರವಾನಗಿ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ಹಾಕಿಸಿದ ಬೀಗದ ಹಿಂದೆ ಒಂದು ಜೀವ ತನ್ನನ್ನೇ ತಿಂದುಕೊಳ್ಳುತ್ತಿದೆ. ನೀವು ರಜೆಯಲ್ಲಿದ್ದೀರಿ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ದೋಣಿಯಲ್ಲಿ ಕೂತಾದರೂ ಪತ್ರಿಕೆ ಓದುತ್ತೀರಲ್ಲ?

ದಕ್ಷಿಣ ಸ್ವೀಡನ್ನಿನ ಸ್ಕೋನೆ ಸೀಮೆಯ ಹದಿನಾಲ್ಕು ಮಂದಿ ರೈತರು ಸೇರಿ ಕಟ್ಟಿದ ಎಣ್ಣೆ ಘಟಕವನ್ನು ನೋಡಿಕೊಳ್ಳುವವಳು ನಾನು. ಗೋಧಿ ಹುಲ್ಲನ್ನು ಬೇಯಿಸಿ ಸಕ್ಕರೆ ನೀರು ಮಾಡುತ್ತೇವೆ. ತೊಟ್ಟಿಯಲ್ಲಿ ಅದನ್ನು ಕುಡಿದ ಯೀಸ್ಟ್ ಎಂಬ ಸೂಕ್ಷ್ಮಜೀವಿ ಮೈತುಂಬ ಎಣ್ಣೆ ಕಟ್ಟುತ್ತದೆ. ಆ ಎಣ್ಣೆಯಿಂದ ಟ್ರ್ಯಾಕ್ಟರ್ ಓಡಬೇಕು. ಆರು ವರ್ಷ ಕೈಸುಟ್ಟುಕೊಂಡ ಮೇಲೆ ಈ ಸಲ ನೆನೆಸಿದಷ್ಟು ಎಣ್ಣೆ ಬಂದಿತ್ತು. ಇದೂ ಕೆಟ್ಟರೆ ಘಟಕ ಮುಚ್ಚುವುದೆಂದು ರೈತರ ಸಭೆ ತೀರ್ಮಾನಿಸಿದೆ.

ಹಾಗಾದರೆ ನಾವು ಮಾಡಿದ ಅಪರಾಧವೇನು? ಕೇಳಿದ್ದು! ಹೊಲದ ಹುಲ್ಲು ಬಳಸಲು ಅನುಮತಿ ಬೇಕೇ ಎಂದು ನಾನೇ ನಿಮಗೆ ಬರೆದೆ. ಯಾರೂ ದೂರು ಕೊಟ್ಟಿರಲಿಲ್ಲ. ತಪ್ಪು ಮಾಡುವ ಮೊದಲೇ ಕಚೇರಿಗೆ ತಿಳಿಸುವುದು ನಮ್ಮ ಕಡೆಯವರ ಹುಟ್ಟುಗುಣ. ನಿಮ್ಮ ತನಿಖಾಧಿಕಾರಿ ಬಂದರು. ಕಾಫಿಯ ಜೊತೆ ಏಲಕ್ಕಿ ಬನ್ನು ಕೊಟ್ಟೆ.

"ಬನ್ನು ಬೇಡಮ್ಮ, ಲಂಚ ಅಂತಾರೆ" ಅಂದರು. ಆಮೇಲೆ ಹುಲ್ಲಿನತ್ತ ಕೈ ತೋರಿಸಿ, "ಇದು ತ್ಯಾಜ್ಯ. ಪರವಾನಗಿ ಇಲ್ದೆ ಮುಟ್ಟೋ ಹಾಗಿಲ್ಲ."

"ನನ್ನ ಹಸುಗಳು ಇದ್ರ ಮೇಲೇ ಮಲಗ್ತಾವಲ್ಲಯ್ಯ, ಅವಕ್ಕೂ ಪರವಾನಗಿ ಬೇಕಾ?" ಎಂದು ಕೇಳಿದ ನಮ್ಮ ಹಿರಿಯ ರೈತ ಆಲ್ವಾರ್.

"ಹಸು ಮಲಗಿದ್ರೆ ಹಾಸಿಗೆ. ನೀವು ಬೇಯಿಸಿದ್ರೆ ತ್ಯಾಜ್ಯ."

ಹುಲ್ಲಿನ ಕೊಟ್ಟಿಗೆಗೂ ಎಣ್ಣೆ ತೆಗೆಯುವ ಯಂತ್ರಕ್ಕೂ ಬೀಗ ಬಿತ್ತು. ಅದು ಶುಕ್ರವಾರ. ಸೋಮವಾರದಿಂದ ನಿಮ್ಮ ಇಡೀ ಕಚೇರಿಗೆ ನಾಲ್ಕು ವಾರ ಬೇಸಿಗೆ ರಜೆ! ಅಂಗಡಿಯ ಸಕ್ಕರೆಯನ್ನಾದರೂ ಸುರಿಯೋಣವೆಂದರೆ, ತೊಟ್ಟಿಗೆ ಏನನ್ನೂ ಸೇರಿಸಬಾರದೆಂದು ಆದೇಶದಲ್ಲೇ ಇದೆ. ಫೋನ್ ಮಾಡಿದರೆ ರೆಕಾರ್ಡ್ ಮಾಡಿಟ್ಟ ದನಿಯೊಂದು ನನಗೆ ಒಳ್ಳೆಯ ಬಿಸಿಲು ಸಿಗಲೆಂದು ಹಾರೈಸುತ್ತದೆ.

ಸಕ್ಕರೆ ಸಿಗದ ಯೀಸ್ಟ್ ಏನು ಮಾಡುತ್ತದೆ ಗೊತ್ತೇ? ತಾನು ಕಟ್ಟಿದ ಎಣ್ಣೆಯನ್ನೇ ಕರಗಿಸಿ ತಿನ್ನುತ್ತದೆ. ದಿನಾ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಮೊದಲ ದಿನ ಒಂದೊಂದು ಕೋಶದಲ್ಲೂ ದುಂಡನೆಯ ಎಣ್ಣೆಹನಿ ತುಂಬಿಕೊಂಡಿತ್ತು. ಇಂದು ಹತ್ತನೆಯ ದಿನ, ಅರ್ಧವೂ ಉಳಿದಿಲ್ಲ. ಕೈಕಟ್ಟಿ ನಿಂತಿದ್ದೇನೆ, ಅಳು ಬರುತ್ತದೆ. ಆಲ್ವಾರ್ ಸುತ್ತಿಗೆ ತಂದಾಗ ತಡೆದವಳೂ ನಾನೇ. "ನೀನೂ ಅವರ ಪೈಕೀನೇ ಕಣೇ" ಎಂದು ಸುತ್ತಿಗೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿ ಹೋದ.

ಯಾರಾದರೂ ಒಬ್ಬರು ಬನ್ನಿ. ಯಂತ್ರದ ಬೀಗವೊಂದನ್ನಾದರೂ ತೆಗೆಯಿರಿ, ಉಳಿದ ಎಣ್ಣೆಯನ್ನು ಉಳಿಸಿಕೊಳ್ಳುತ್ತೇವೆ. ಬರದಿದ್ದರೆ ಈ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಆ ಸುತ್ತಿಗೆಯಿಂದ ನಾನೇ ಬೀಗ ಒಡೆಯುತ್ತೇನೆ. ಅಭ್ಯಾಸಬಲ ನೋಡಿ, ಅದನ್ನೂ ಮೊದಲೇ ತಿಳಿಸುತ್ತಿದ್ದೇನೆ.

ಇಂತಿ,
ಕೇಳಿ ಕೆಟ್ಟವಳು,
ಗುನ್ವೋರ್